ಕೋಲಾರಕ್ಕೆ ಬೆಂಗಳೂರು ಕಳಿಸುವ ಎರಡನೇ ಕೊಳಚೆ

ಬೆಂಗಳೂರು ಕೋಲಾರಕ್ಕೆ ಎರಡು ಥರದ ಕೊಳಚೆ ಕಳಿಸುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು, ಕೆ.ಸಿ. ವ್ಯಾಲಿ ನೀರು. ನಾವು ನೀವು ಬೆಳಿಗ್ಗೆ ಫ್ಲಶ್ ಮಾಡಿದ್ದು ಎರಡು ಹಂತ ಶುದ್ಧವಾಗಿ, ಪೈಪು ಹತ್ತಿ, 2018ರಿಂದ ಕೋಲಾರದ ಕೆರೆಗಳಿಗೆ ಇಳಿಯುತ್ತಿದೆ. ಬಂದ ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಂಡಿತು, ಗಲಾಟೆಯಾಯಿತು, ಹೈಕೋರ್ಟು ಸುಪ್ರೀಂ ಕೋರ್ಟು ಎರಡೂ ಆಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ನೀರಾವರಿ ಹೋರಾಟಗಾರರು ಇವತ್ತಿಗೂ ಕೇಳುತ್ತಲೇ ಇದ್ದಾರೆ. ಸರಿಯೋ ತಪ್ಪೋ, ಆ ನೀರಿನ ಬಗ್ಗೆ ಒಂದು ಜಗಳವಾದರೂ ಇದೆ.

ಎರಡನೆಯದಕ್ಕೆ ಪೈಪು ಇಲ್ಲ, ಪಂಪ್‌ಹೌಸ್ ಇಲ್ಲ, ಟೆಂಡರ್ ಇಲ್ಲ, ಕೇಸೂ ಇಲ್ಲ. ಅದು ಬೆಳಕು. ನಮ್ಮ ಫ್ಲೈಓವರ್, ಮಾಲ್, ಟೆಕ್ ಪಾರ್ಕ್, ಅಪಾರ್ಟ್‌ಮೆಂಟಿನ ಟೆರೇಸು, ಜಾಹೀರಾತಿನ ಫಲಕ, ಎಲ್ಲದರಿಂದ ಮೇಲಕ್ಕೆ ಸೋರಿದ ಬೆಳಕು ಗಾಳಿಯ ಧೂಳಿಗೆ, ತೇವಕ್ಕೆ ಬಡಿದು ಚದುರಿ, ಹೊಸಕೋಟೆ ದಾಟಿ, ನರಸಾಪುರ ದಾಟಿ, ಕೋಲಾರದ ಆಚೆಯ ಸುಗಟೂರಿನ ಪಶ್ಚಿಮದ ಆಕಾಶದಲ್ಲಿ ಒಂದು ಮಂಕು ಕಿತ್ತಳೆ ದಿಬ್ಬದ ಥರ ಕೂತಿರುತ್ತದೆ. ಸೂರ್ಯ ಮುಳುಗಿ ಮೂರು ಗಂಟೆಯಾದ ಮೇಲೂ ಅಲ್ಲಿ ಸಂಜೆ ಮುಗಿದಿರುವುದಿಲ್ಲ. ಒಂದು ಹಂತದ ಶುದ್ಧೀಕರಣವೂ ಇಲ್ಲದೆ ನಾವು ದಿನಾ ರಾತ್ರಿ ಕಳಿಸುತ್ತಿರುವ ಕೊಳಚೆ ಅದು.

ಹೀಗಂದರೆ ನನ್ನ ಆಫೀಸಿನವರು ನಗುತ್ತಾರೆ. "ಬೆಳಕು ಹೇಗಪ್ಪಾ ಕೊಳಚೆ ಆಗುತ್ತೆ?" ಸ್ವಾಮಿ, ನೀರು ಹೇಗೆ ಕೊಳಚೆ ಆಗುತ್ತೋ ಹಾಗೇ. ಬೇಕಾದ ಜಾಗದಲ್ಲಿದ್ದರೆ ಕುಡಿಯುವ ನೀರು, ಬೇಡದ ಕಡೆ ಹರಿದರೆ ಕೊಚ್ಚೆ. ರಸ್ತೆ ಮೇಲೆ ಬಿದ್ದದ್ದು ಬೆಳಕು. ರಸ್ತೆ ಬಿಟ್ಟು ಮೋಡಕ್ಕೆ, ಪಕ್ಕದ ಮನೆಯ ಮಲಗುವ ಕೋಣೆಗೆ, ಎಪ್ಪತ್ತು ಕಿಲೋಮೀಟರ್ ಆಚೆಯ ಜಿಲ್ಲೆಗೆ ಹೋಗಿ ಬಿದ್ದದ್ದು ಕೊಚ್ಚೆ. ನೀರಿಗೆ 1974ರ ಕಾಯ್ದೆ ಇದೆ, ಗಾಳಿಗೆ 1981ರದ್ದಿದೆ, ಶಬ್ದಕ್ಕೆ 2000ದ ನಿಯಮಗಳಿವೆ. ಬೆಳಕಿಗೆ ಇಂಥದ್ದೊಂದು ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಡಿಜೆ ಹಾಕಿದರೆ ಪೊಲೀಸರನ್ನು ಕರೆಯಬಹುದು, ಫ್ಲಡ್‌ಲೈಟ್ ಹಾಕಿದರೆ ಕರ್ಟನ್ ಕೊಳ್ಳಬೇಕು.

ನನ್ನದು ಸುಗಟೂರು ಹೋಬಳಿ. ಕೆಲಸ ವೈಟ್‌ಫೀಲ್ಡ್ ಕಡೆ. ಅಮಾವಾಸ್ಯೆ ಹತ್ತಿರದ ಶನಿವಾರಗಳಲ್ಲಿ ನಮ್ಮ ಖಗೋಳ ಹವ್ಯಾಸಿಗಳ ಕ್ಲಬ್ಬಿನವರ ಜೊತೆ ಎಂಟು ಇಂಚಿನ ಡಾಬ್ಸೋನಿಯನ್ ಒಂದನ್ನು ಕಾರಿನ ಹಿಂದೆ ಹಾಕಿಕೊಂಡು ಊರಿನ ಕೆರೆಯಂಗಳಕ್ಕೆ ಹೋಗುತ್ತೇನೆ. ಹಾಗಾಗಿ ಈ ಜಗಳದಲ್ಲಿ ನನಗೆ ಎರಡೂ ಕಡೆಯ ನೆಂಟಸ್ತಿಕೆ ಇದೆ. ಮೊದಲ ಏಟು ನಮ್ಮ ಹವ್ಯಾಸಿಗಳಿಗೇ ಬೀಳಲಿ.

ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ಸಂಘ ಅಂತ ಶುರುವಾಗಿದ್ದು 1976ರಲ್ಲಿ. ಆಗ ಆಕಾಶ ನೋಡಲು ಊರು ಬಿಟ್ಟು ಅಷ್ಟು ದೂರ ಓಡುವ ಅಗತ್ಯವಿರಲಿಲ್ಲ. ಆಮೇಲೆ ನಗರ ಬೆಳೆದ ಹಾಗೆಲ್ಲ ನಕ್ಷತ್ರ ನೋಡುವವರು ಹಿಂದೆ ಹಿಂದೆ ಸರಿದರು. ಜಾಗ ಹಾಳಾದರೆ ಇನ್ನೊಂದಿಪ್ಪತ್ತು ಕಿಲೋಮೀಟರ್ ಮುಂದೆ. ಅದೂ ಹಾಳಾದರೆ ಇನ್ನೊಂದಿಪ್ಪತ್ತು. ಒಳ್ಳೆ ಜಾಗ ಸಿಕ್ಕರೆ ಗ್ರೂಪಿನಲ್ಲಿ ಗುಟ್ಟು: "ಲೊಕೇಶನ್ ಯಾರಿಗೂ ಕೊಡಬೇಡಿ." ಊರಿನ ಜನಕ್ಕೂ ಹೇಳಬೇಡಿ, ಗುಂಪು ಸೇರುತ್ತೆ, ಟಾರ್ಚ್ ಬಿಡ್ತಾರೆ. ಈ ಮಾತಿಗೆ ನಾನು ಪ್ರತಿ ಸಲ ವಿರೋಧ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಊರಿನವರ ಕೆರೆಯಂಗಳದಲ್ಲಿ ಕೂತು ಊರಿನವರಿಂದಲೇ ಆಕಾಶ ಬಚ್ಚಿಡುವುದು ಎಂಥ ಖಗೋಳ ಪ್ರೇಮ? ಆ ಊರಿಗೆ ನಾಳೆ ಹೈಮಾಸ್ಟ್ ದೀಪ ಬಂದಾಗ ಬೇಡ ಅನ್ನುವುದಕ್ಕೆ ಅಲ್ಲಿ ಒಬ್ಬರಿಗೂ ಕಾರಣ ಕೊಡದೆ, ಹಾಳಾಯಿತು ಅಂತ ಗಂಟುಮೂಟೆ ಕಟ್ಟಿಕೊಂಡು ಮುಂದಿನ ತಾಲೂಕಿಗೆ ಹೋಗುವುದು ಹವ್ಯಾಸವಲ್ಲ, ಗುಳೆ. ಮುಂದೆ ಹೋಗೋಣ ಅಂದರೂ ಎಷ್ಟು ಹೋಗುತ್ತೀರಿ? ಶ್ರೀನಿವಾಸಪುರ, ಮುಳಬಾಗಿಲು ದಾಟಿದರೆ ಆಂಧ್ರ.

ಇನ್ನು ದುಡ್ಡು ಮಾಡುವವರು. ಈಗ ವೀಕೆಂಡ್ ಬಂದರೆ ಸಾಕು, 'ಸ್ಟಾರ್‌ಗೇಜಿಂಗ್ ಕ್ಯಾಂಪ್' ಜಾಹೀರಾತುಗಳು. ಟೆಂಟು, ಬಾರ್ಬೆಕ್ಯೂ, ಬಾನ್‌ಫೈರ್, ಜೊತೆಗೆ 'ಮಿಲ್ಕಿ ವೇ ಗ್ಯಾರಂಟಿ'. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆಮೇಲೆ ಒಂದು ಸಲ ಬೆಂಕಿ ಕಡೆ ನೋಡಿದರೆ, ಒಂದು ಸಲ ಫೋನ್ ತೆಗೆದರೆ, ಮತ್ತೆ ಮೊದಲಿನಿಂದ. ಆಕಾಶ ತೋರಿಸುತ್ತೇವೆ ಅಂತ ಕರೆದುಕೊಂಡು ಹೋಗಿ ಬೆಂಕಿ ಹಾಕುವುದು, ಸಂಗೀತ ಕಛೇರಿಗೆ ಕರೆದು ಪಕ್ಕದಲ್ಲಿ ತಮಟೆ ಬಾರಿಸಿದ ಹಾಗೆ. ಪೋಸ್ಟರಿನಲ್ಲಿರುವ ನೇರಳೆ ಬಣ್ಣದ ಹಾಲುಹಾದಿ ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕುಡಿದು ಕೊಟ್ಟ ಚಿತ್ರ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅದು ಬೂದು ಮೋಡದ ಥರವೇ ಕಾಣುವುದು. ಪಾಪ, ದುಡ್ಡು ಕೊಟ್ಟ ಹುಡುಗರು "ಇಷ್ಟೇನಾ?" ಅಂತ ವಾಪಸ್ ಬರುತ್ತಾರೆ. ಟಿವಿಯವರೂ ಅಷ್ಟೇ. ಡಿಸೆಂಬರ್ 14 ಬಂದರೆ 'ಇಂದು ರಾತ್ರಿ ಗಂಟೆಗೆ 120 ಉಲ್ಕೆ'. ಆ ಲೆಕ್ಕ ಪೂರ್ತಿ ಕಪ್ಪು ಆಕಾಶದ್ದು, ಉಲ್ಕೆಗಳ ಕೇಂದ್ರಬಿಂದು ನೆತ್ತಿಯ ಮೇಲಿದ್ದಾಗಿನದು. ಮಾರತ್ತಹಳ್ಳಿಯ ಟೆರೇಸಿನಲ್ಲಿ ಶಾಲು ಹೊದ್ದು ಕೂತವರಿಗೆ ನಾಲ್ಕು ಕಂಡರೆ ಪುಣ್ಯ. ಆ ನಾಲ್ಕೇ ಯಾಕೆ ಅಂತ ಮಾತ್ರ ಯಾವ ಚಾನೆಲ್ಲೂ ಹೇಳುವುದಿಲ್ಲ.

ಕಳೆದುಕೊಳ್ಳುತ್ತಿರುವುದೇನು ಅಂತ ಸ್ವಲ್ಪ ಲೆಕ್ಕ ಹಾಕೋಣ. ಒಳ್ಳೆಯ ಕತ್ತಲಿನಲ್ಲಿ ಬರಿಗಣ್ಣಿಗೆ ಒಂದೇ ಹೊತ್ತಿಗೆ ಎರಡೂವರೆ ಸಾವಿರದಷ್ಟು ನಕ್ಷತ್ರ ಕಾಣಬೇಕು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2011ರಿಂದ 2022ರವರೆಗೆ ಲೋಕದ ಎಲ್ಲೆಲ್ಲಿಯೋ ಸಾಮಾನ್ಯ ಜನ ಬರಿಗಣ್ಣಲ್ಲಿ ನೋಡಿ ಕಳಿಸಿದ 50 ಸಾವಿರಕ್ಕೂ ಹೆಚ್ಚು ವರದಿಗಳ ಲೆಕ್ಕ ಅದು. ಆಕಾಶ ವರ್ಷಕ್ಕೆ ಸರಾಸರಿ 9.6 ಶೇಕಡಾ ಬೆಳಗುತ್ತಿದೆ ಅಂತ ಅವರ ತೀರ್ಮಾನ. ಬಡ್ಡಿ ಲೆಕ್ಕ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಊರಿನಲ್ಲಿ ಅದಕ್ಕೆ ವೋಟು ಬರುವ ಹೊತ್ತಿಗೆ 100 ಉಳಿದಿರುತ್ತವೆ. ನಿಮ್ಮ ಮ್ಯೂಚುವಲ್ ಫಂಡು ಆ ಥರ ಇಳಿದಿದ್ದರೆ ಸುಮ್ಮನಿರುತ್ತಿದ್ದಿರಾ?

ಇದರಲ್ಲಿ ಎಲ್‌ಇಡಿಯ ಪಾಲು ದೊಡ್ಡದು. 2015ರಿಂದ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಬೀದಿದೀಪ ಎಲ್‌ಇಡಿ ಆಗಿವೆ. ಕರೆಂಟ್ ಉಳಿಯಿತು, ಒಳ್ಳೆಯದೇ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಜಾಸ್ತಿ. ಹಗಲಿನ ಆಕಾಶ ಯಾಕೆ ನೀಲಿ ಅಂತ ಪಿಯುಸಿಯಲ್ಲಿ ಓದಿದ್ದೀರಲ್ಲ, ಅದೇ ಕಾರಣಕ್ಕೆ ರಾತ್ರಿಯೂ ನೀಲಿ ಬೆಳಕೇ ಗಾಳಿಯಲ್ಲಿ ಜಾಸ್ತಿ ಚದುರುತ್ತದೆ. ಹಳೆ ಸೋಡಿಯಂ ದೀಪದ ಹಳದಿಗಿಂತ ಸುಮಾರು ಮೂರು ಪಟ್ಟು. ಉಳಿಸಿದ ದುಡ್ಡಲ್ಲಿ ನಾವು ಮಾಡಿದ್ದೇನು? ಇನ್ನೂ ನಾಲ್ಕು ದೀಪ ಹಾಕಿದೆವು. ಅಗ್ಗವಾಯಿತು ಅಂತ ಸಂತೆಯಿಂದ ಎರಡು ಕ್ರೇಟ್ ಟೊಮೆಟೊ ತಂದು ಒಂದನ್ನು ಕೊಳೆಸಿದ ಹಾಗೆ.

ಈಗ ನನ್ನ ಮೇಲೆ ಬೀಳುವ ಕಲ್ಲುಗಳಿಗೆ ಬರೋಣ. ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: "ಹಳ್ಳಿಗೆ ಕರೆಂಟ್ ಬಂದಿದ್ದೇ ತಡವಾಗಿ. ನಿಮಗೆ ನಕ್ಷತ್ರ ಬೇಕು ಅಂತ ಅವರು ಕತ್ತಲಲ್ಲಿ ಕೂರಬೇಕಾ?" ಇದನ್ನು ಕೇಳುವ ಹಕ್ಕು ಹಳ್ಳಿಯವರಿಗೆ ಪೂರ್ತಿ ಇದೆ. ಟೆಕ್ ಪಾರ್ಕಿನ ಕೆಫೆಟೇರಿಯಾದಲ್ಲಿ ಕೂತವರಿಗೆ ಕಡಿಮೆ. ಬೆಳಕಿನ ವಿಷಯದಲ್ಲಿ ಕೋಲಾರಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್ ಗಣಿಗಳಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಅದೇ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಯಾವ ಕಿರಣವೂ ತಲುಪದ ಕತ್ತಲಲ್ಲಿ ಉಪಕರಣ ಇಟ್ಟು ವಿಜ್ಞಾನಿಗಳು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಹಿಡಿದರು. ಲೋಕದಲ್ಲೇ ಮೊದಲ ಸಲ ಅವು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರವೂ ಒಂದು. ದೀಪದ ಬೆಲೆ, ಕತ್ತಲಿನ ಬೆಲೆ ಎರಡೂ ಈ ಜಿಲ್ಲೆಗೆ ಗೊತ್ತು.

ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಸುಗಟೂರಿನ ಒಂದು ದೀಪವನ್ನೂ ಕಿತ್ತುಹಾಕಿ ಅಂತ ನಾನು ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ದೀಪಕ್ಕೆ ಟೋಪಿ. ಮೇಲೆ ಮುಚ್ಚಿರಬೇಕು, ಬೆಳಕು ಕೆಳಗೆ ಬೀಳಬೇಕು, ಬಣ್ಣ ಬೆಚ್ಚಗಿರಬೇಕು. ಇದರಿಂದ ರಸ್ತೆಗೆ ಬೆಳಕು ಹೆಚ್ಚೇ ಬೀಳುತ್ತದೆ, ಯಾಕೆಂದರೆ ಆಕಾಶಕ್ಕೆ ಹೋಗುತ್ತಿದ್ದದ್ದು ನೆಲಕ್ಕೆ ಬರುತ್ತದೆ. ಕನ್ನಡದಲ್ಲಿ ಟೋಪಿ ಹಾಕೋದು ಅಂದರೆ ಮೋಸ ಮಾಡೋದು. ಇದೊಂದು ಟೋಪಿ ಮಾತ್ರ ಪುಣ್ಯದ ಕೆಲಸ.

ಇದೇನು ಕನಸಿನ ಮಾತಲ್ಲ. ಹೋದ ಜನವರಿಯ ಅಮಾವಾಸ್ಯೆಗೆ ಕೆರೆಯಂಗಳಕ್ಕೆ ಊರಿನ ಮೂವತ್ತು ಜನ ಬಂದಿದ್ದರು. ಹುಡುಗರು ಸಾಲಾಗಿ ನಿಂತು ಮಹಾವ್ಯಾಧನ ಕತ್ತಿಯಲ್ಲಿರುವ ನೆಬ್ಯುಲಾ ನೋಡುತ್ತಿದ್ದರು. ಒಬ್ಬ ಅಜ್ಜಿ ದುಡ್ಡಿನ ಕನ್ನಡಿ ಬೇಡ ಅಂತ ಕಂಬಳಿ ಹೊದ್ದು ಕೂತಿದ್ದರು. ಮಾತಿಗೆ ಮಾತು ಬಂದು ಮಳೆಗಳ ಹೆಸರು ಹೇಳಿದರು: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಒಂದೂ ತಡವರಿಸದೆ ಸ್ವಾತಿ, ವಿಶಾಖದವರೆಗೂ. ನಾನು ನೆತ್ತಿಯ ಹತ್ತಿರ ಕೆಂಪಗಿದ್ದ ಚುಕ್ಕಿ ತೋರಿಸಿ, "ಅಜ್ಜಿ, ರೋಹಿಣಿ ಇವಳೇ" ಅಂದೆ. ಸ್ವಲ್ಪ ಹೊತ್ತು ನೋಡಿ, "ಮಳೆಗಾಲ್ದಾಗೆ ಇವಳು ಕಾಣಲ್ವಲ್ಲಪ್ಪಾ?" ಅಂದರು. ಎಂಥ ಪ್ರಶ್ನೆ! ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿಯ ಹತ್ತಿರ ಇರುವ ಹದಿನಾಲ್ಕು ದಿನ, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಆಗ ಅವಳು ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತಾಳೆ. ಇದನ್ನು ಹೇಳಿದಾಗ ಅಜ್ಜಿ, "ಹಂಗಾರೆ ಮಳೆ ಹೊತ್ನಾಗೆ ಅವನ ಜತೇಲಿರ್ತಾಳೆ ಅನ್ನು" ಅಂತ ನಕ್ಕರು. ಪಂಚಾಂಗ, ಬಿತ್ತನೆ, ಮಳೆ ಎಲ್ಲವನ್ನೂ ಆಕಾಶದಿಂದಲೇ ಎಣಿಸಿದ ಜನ ಇವರು. ಅವರ ತಲೆ ಮೇಲಿನ ಪುಸ್ತಕದ ಮೇಲೆ ನಾವು ಎಪ್ಪತ್ತು ಕಿಲೋಮೀಟರ್ ದೂರದಿಂದ ಸುಣ್ಣ ಬಳಿಯುತ್ತಿದ್ದೇವೆ.

ಆ ರಾತ್ರಿ ನಮಗೆ ತೊಂದರೆ ಕೊಟ್ಟಿದ್ದು ಹತ್ತಿರದ ಒಂದು ಫ್ಲಡ್‌ಲೈಟು. ಆಗ ಊರಿನ ಒಬ್ಬರು, "ಸಾರ್, ಆ ಲೈಟು ಬಂದಾಗಿಂದ ಬೇಸಿಗೆಯಾಗೆ ಜಗಲಿ ಮೇಲೆ ಮಲಗಕ್ಕೇ ಆಗ್ತಿಲ್ಲ, ಮಕಕ್ಕೇ ಹೊಡೀತದೆ" ಅಂದರು. ಮುಂದಿನ ವಾರ ಊರಿನ ಹುಡುಗರೇ ಹದಿನೈದು ಕೆಜಿ ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಗ್ಗಿಸಿದರು. ಬೀದಿದೀಪದ ಕೆಲಸ ನೋಡುವ ಪಂಚಾಯ್ತಿಯ ವಾಟರ್‌ಮ್ಯಾನ್ ಕರೆಂಟ್ ತೆಗೆದು ದೀಪವನ್ನು ಕೆಳಕ್ಕೆ ತಿರುಗಿಸಿ ತಗಡು ಕೂರಿಸಿದರು. ಅರ್ಧ ದಿನದ ಕೆಲಸ. ಬಸ್‌ಸ್ಟಾಪಿಗೆ ಬೆಳಕು ಮೊದಲಿಗಿಂತ ಚೆನ್ನಾಗಿ ಬೀಳುತ್ತಿದೆ, ಜಗಲಿಗೆ ಕತ್ತಲು ವಾಪಸ್ ಬಂದಿದೆ. ಒಂದು ಹಳ್ಳಿ ಅರ್ಧ ದಿನದಲ್ಲಿ ತನ್ನ ಪಾಲು ಮುಗಿಸಿತು. ಪಶ್ಚಿಮದ ಕಿತ್ತಳೆ ದಿಬ್ಬ ಮಾತ್ರ ಹಾಗೇ ಇದೆ. ಅದಕ್ಕೆ ಹಾಕುವಷ್ಟು ದೊಡ್ಡ ಎಣ್ಣೆ ಡಬ್ಬ ಸುಗಟೂರಿನಲ್ಲಿಲ್ಲ.

ಎರಡನೇ ಕಲ್ಲು: "ಹೆಣ್ಣುಮಕ್ಕಳ ಸುರಕ್ಷತೆ?" ಇದನ್ನು ತಳ್ಳಿಹಾಕುವ ಹಾಗಿಲ್ಲ. ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬ್ ಇಳಿದು ಒಬ್ಬರೇ ನಡೆಯುವವರಿಗೆ ಬೆಳಕು ಬೇಕೇ ಬೇಕು. ಆದರೆ ಒಂದು ಪರೀಕ್ಷೆ ಮಾಡಿ. ಕಣ್ಣಿಗೆ ಕುಕ್ಕುವ ಫ್ಲಡ್‌ಲೈಟಿನ ಎದುರು ನಿಂತು, ಅದರ ಪಕ್ಕದ ಗೋಡೆಯ ನೆರಳಲ್ಲಿ ಯಾರಿದ್ದಾರೆ ನೋಡಿ. ಕಾಣುವುದಿಲ್ಲ. ಎದುರಿಗೆ ಹೈಬೀಮ್ ಹಾಕಿಕೊಂಡು ಬರುವ ಲಾರಿ ರಸ್ತೆಯನ್ನು ಸುರಕ್ಷಿತ ಮಾಡುತ್ತದಾ? ಕಣ್ಣಿಗೆ ಹೊಡೆಯುವ ಬೆಳಕಿಗೆ ಕಣ್ಣಿನ ಪಾಪೆ ಮುದುಡುತ್ತದೆ, ನೆರಳು ಇನ್ನಷ್ಟು ಕಪ್ಪಾಗುತ್ತದೆ. ಸುರಕ್ಷತೆ ಬೇಕಾದರೆ ನಡೆಯುವ ದಾರಿಯುದ್ದಕ್ಕೂ ಒಂದೇ ಸಮ ಬೀಳುವ, ಟೋಪಿ ಇರುವ ದೀಪ ಕೇಳಿ. ಮಾಲಿನ ಗೋಡೆಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುವ ನೇರಳೆ ಲೈಟು ಯಾವ ಹೆಣ್ಣುಮಗಳನ್ನು ಮನೆ ಮುಟ್ಟಿಸಿದೆ?

ಮೂರನೇ ಕಲ್ಲು: "ನಕ್ಷತ್ರ ನೋಡಿ ಏನಾಗಬೇಕು?" ನಕ್ಷತ್ರ ಬಿಡಿ, ಸೇವಂತಿಗೆ ಬೆಳೆಯುವವರನ್ನು ಕೇಳಿ. ರಾತ್ರಿ ತೋಟದಲ್ಲಿ ಬಲ್ಬು ಉರಿಸಿದರೆ ಗಿಡ ಹೂ ಬಿಡುವುದನ್ನು ಮುಂದಕ್ಕೆ ಹಾಕುತ್ತದೆ, ಅದನ್ನೇ ಉಪಾಯವಾಗಿ ಬಳಸಿ ಹಬ್ಬದ ಮಾರುಕಟ್ಟೆಗೆ ಹೂ ತರುತ್ತಾರೆ. ಗಿಡಕ್ಕೆ ಗೊತ್ತಾಗುವ ವ್ಯತ್ಯಾಸ ಮನುಷ್ಯನ ದೇಹಕ್ಕೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ನಿದ್ದೆ ಬರಲ್ಲ ಅಂತ ಆ್ಯಪ್ ಹಾಕಿಕೊಂಡು, ಗುಳಿಗೆ ನುಂಗಿ, ಕಿಟಕಿಯಾಚೆ ಮಾತ್ರ ಹಗಲು ಉರಿಸಿಕೊಂಡು ಮಲಗುವ ಜಾಣರು ನಾವು.

ಇನ್ನು ನಮ್ಮವರ ಕೊನೆಯ ಉತ್ತರ: "ಹಾನ್ಲೆ ಇದೆಯಲ್ಲ ಗುರು, ಲೀವ್ ಹಾಕಿ ಹೋದ್ರಾಯ್ತು." ಹೋಗಿ, ಖಂಡಿತ ಹೋಗಿ. ಲಡಾಖ್ ಆಡಳಿತ 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರನ್ನು ಕತ್ತಲ ಆಕಾಶದ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಅಲ್ಲಿನ ಹಳ್ಳಿಯ ಯುವಕ ಯುವತಿಯರಿಗೇ ದೂರದರ್ಶಕ ಕೊಟ್ಟು, ತರಬೇತಿ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ಕೊಟ್ಟಿದ್ದಾರೆ. ಇದರ ಹಿಂದೆ ನಿಂತಿದ್ದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಎಲ್ಲಿಂದ ಗೊತ್ತಾ? ಹೊಸಕೋಟೆಯಿಂದ! 1595ರ ಸುಮಾರಿಗೆ ಆ ಹೊಸಕೋಟೆಯ ಕೋಟೆ ಕಟ್ಟಿಸಿದ್ದು ಸುಗಟೂರಿನ ಪಾಳೇಗಾರ ತಮ್ಮೇಗೌಡ. ಸುಗಟೂರಿನವನು ಕಟ್ಟಿದ ಊರಿನಲ್ಲಿ ಕೂತು ಹಿಮಾಲಯದ ಕತ್ತಲನ್ನು ಬಳಸುತ್ತೇವೆ, ಸುಗಟೂರಿನ ಕತ್ತಲನ್ನು ಹೊಸಕೋಟೆಯ ಗೋದಾಮುಗಳ ದೀಪಕ್ಕೆ ಬಲಿ ಕೊಡುತ್ತೇವೆ. ಸುಗಟೂರು ಹಾನ್ಲೆ ಆಗಲು ಸಾಧ್ಯವಿಲ್ಲ, ಅಷ್ಟು ಎತ್ತರವೂ ಇಲ್ಲ, ಅಷ್ಟು ಒಣ ಹವೆಯೂ ಇಲ್ಲ. ಆದರೆ ಹಾನ್ಲೆಯಲ್ಲಿ ಚೆನ್ನಾಗಿ ಕಾಣದ ಒಂದು ಭಾಗ ನಮಗಿದೆ, ದಕ್ಷಿಣದ ಆಕಾಶ. ಏಪ್ರಿಲ್ ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದರೆ ತ್ರಿಶಂಕು ನಕ್ಷತ್ರಪುಂಜ ಪೂರ್ತಿ ದಿಗಂತದ ಮೇಲೆ ನಿಂತಿರುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಒಮೇಗಾ ಸೆಂಟಾರಿ ಗುಚ್ಛ ಬರಿಗಣ್ಣಿಗೆ ಮಸುಕು ಚುಕ್ಕಿಯಾಗಿ ಕಾಣುತ್ತದೆ. ಲಂಡನ್ನಿನವನು ಇದನ್ನು ನೋಡಬೇಕಾದರೆ ವಿಮಾನ ಹತ್ತಬೇಕು. ನಮಗೆ ಕೋಲಾರದ ಬಸ್ಸು ಸಾಕು. ಸದ್ಯಕ್ಕೆ.

'ಸದ್ಯಕ್ಕೆ' ಅಂದೆ, ಯಾಕೆಂದರೆ ಬೆಳಕು ಬರೀ ಪಶ್ಚಿಮದಿಂದ ಬರುತ್ತಿಲ್ಲ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಕೋಲಾರ ತಾಲೂಕಿನೊಳಗೇ ಇವೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ಕಡೆಯಿಂದ ಹಾದುಹೋಗುತ್ತದೆ. ಕಾರ್ಖಾನೆ ಬೇಡ ಅನ್ನುವಷ್ಟು ಹೊಟ್ಟೆ ತುಂಬಿದವನು ನಾನಲ್ಲ, ನಮ್ಮೂರಿನ ಹುಡುಗ ಹುಡುಗಿಯರು ಅಲ್ಲಿ ದುಡಿಯುತ್ತಾರೆ. ಆದರೆ ಕಾರ್ಖಾನೆಗೆ ಜಾಗ ಕೊಡುವಾಗ ಕೊಳಚೆ ನೀರಿಗೆ ಷರತ್ತು ಹಾಕುವ ಸರ್ಕಾರ, ಹೊರದೀಪಗಳು ಕೆಳಮುಖವಾಗಿರಬೇಕು ಅಂತ ಇನ್ನೊಂದು ಸಾಲು ಸೇರಿಸಿದರೆ ಯಾರ ಗಂಟು ಹೋಗುತ್ತದೆ? ಫ್ರಾನ್ಸ್ 2018ರಲ್ಲೇ ದೇಶಕ್ಕೆಲ್ಲ ಅಂಥ ನಿಯಮ ಮಾಡಿತು. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಪಟ್ಟಣ ಆಕಾಶಕ್ಕೆ ಸರ್ಚ್‌ಲೈಟ್ ಬಿಡುವುದಕ್ಕೆ ಕಡಿವಾಣ ಹಾಕಿದ್ದು 1958ರಲ್ಲಿ. ಎರಡೂ ಕಡೆ ಕಾರ್ಖಾನೆಗಳು ಮುಚ್ಚಿಲ್ಲ, ಜನ ಎಡವಿ ಬಿದ್ದಿಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಾನಿರುವ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಟೆರೇಸಿನ ನಾಲ್ಕು ಫ್ಲಡ್‌ಲೈಟಿನ ವಿಷಯ ಎತ್ತಿದಾಗ ಕಮಿಟಿಯವರು ಹೇಳಿದ್ದು, "ದೂರದಿಂದ ನೋಡಿದ್ರೆ ಬಿಲ್ಡಿಂಗ್ ರಿಚ್ ಕಾಣುತ್ತೆ ಸಾರ್." ಎರಡು ಸಭೆ ಜಗಳ ಆಡಿ ಈಗ ನಾಲ್ಕರಲ್ಲಿ ಎರಡು ಆರಿವೆ. ಇನ್ನೆರಡಕ್ಕೆ ಮೂರನೇ ಸಭೆ ಇದೆ. ನೀವೂ ನಿಮ್ಮ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ದೀಪದ ಬಲ್ಬು ದೂರದಿಂದ ನೇರ ಕಣ್ಣಿಗೆ ಕಾಣುತ್ತಾ? ಕಂಡರೆ ಟೋಪಿ ಬೇಕು. ಡಬ್ಬದ ಮೇಲೆ 3000ಕೆ ಅಥವಾ ಕಡಿಮೆ ಅಂತ ಬರೆದಿದೆಯಾ? 6500ಕೆ ಇದ್ದರೆ ಮುಂದಿನ ಸಲ ಬದಲಾಯಿಸಿ. ರಾತ್ರಿ ಹನ್ನೊಂದರ ಮೇಲೆ ಇದು ಯಾರಿಗೆ ಬೇಕು? ಯಾರಿಗೂ ಬೇಡವಾದರೆ ಟೈಮರ್ ಹಾಕಿ, ಬೇಕಾದರೆ ಸೆನ್ಸರ್ ಹಾಕಿ. ಕರೆಂಟ್ ಬಿಲ್ ಇಳಿಯುವುದನ್ನು ಮೊದಲು ಹೇಳಿ, ನಕ್ಷತ್ರದ ಮಾತು ಆಮೇಲೆ ಎತ್ತಿ. ನಮ್ಮ ಸಭೆಯಲ್ಲಿ ಕೆಲಸ ಮಾಡಿದ್ದು ಬಿಲ್ಲೇ.

ಮುಂದಿನ ಅಮಾವಾಸ್ಯೆಯ ಶನಿವಾರ ನಾವು ಮತ್ತೆ ಸುಗಟೂರಿನ ಕೆರೆಯಂಗಳದಲ್ಲಿ ಇರುತ್ತೇವೆ. ಲೊಕೇಶನ್ ಗುಟ್ಟಲ್ಲ, ಟಿಕೆಟ್ ಇಲ್ಲ, ಬೆಂಕಿ ಹಾಕುವುದಿಲ್ಲ. ಬರುವುದಾದರೆ ಹೆಡ್‌ಲೈಟ್ ಡಿಮ್ ಮಾಡಿಕೊಂಡು ಬನ್ನಿ, ಸ್ವೆಟರ್ ತನ್ನಿ. ಮನೆಯಿಂದ ಹೊರಡುವಾಗ ಟೆರೇಸಿನ ಲೈಟು ಆರಿಸಿ ಬನ್ನಿ.